ಶ್ರುತಿ ಪೆಟ್ಟಿಗೆಯ ನಡುಕ

ಆ ಭಾನುವಾರ ಬೆಳಿಗ್ಗೆ ನಳದ ನೀರು ತುಂಬಿದೆ, ಅಂಗಿಗಳಿಗೆ ಇಸ್ತ್ರಿ ಹಾಕಿದೆ, ಸ್ಕೂಟರಿನ ಪ್ಲಗ್ ಬಿಚ್ಚಿ ಒರೆಸಿದೆ, ಕಾಯಿಪಲ್ಲೆ ತಂದೆ. ಆಮೇಲೆ ಮೂರನೆಯ ಸಲ ಶ್ರುತಿ ಪೆಟ್ಟಿಗೆಯ ಮುಚ್ಚಳ ತೆಗೆದು ಕೂತೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ಯಂತ್ರಗಳ ಎಲೆಕ್ಟ್ರಾನಿಕ್ ದುರಸ್ತಿ ಮಾಡುತ್ತಿದ್ದೆ. ಸಪ್ತಾಪುರದ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಹೆಂಡತಿಗೆ ದಿನವೂ ತಂಬೂರಿ ಮೀಟುತ್ತ ಹಾಡುವ ರೂಢಿ. ಮಣಿಕಟ್ಟಿನ ನೋವು ಶುರುವಾದ ಮೇಲೆ ಮೀಟುವುದು ನಿಂತಿತು. ಅದರ ಜೊತೆ ಹಾಡೂ ನಿಂತು ಮೂರು ತಿಂಗಳಾಗಿತ್ತು. ಅದಕ್ಕೇ ಮೈಕ್ರೋಕಂಟ್ರೋಲರ್ ಚಿಪ್ ಹಾಕಿ, ಷಡ್ಜ ಪಂಚಮ ನುಡಿಸುವ ಈ ಪೆಟ್ಟಿಗೆ ಮಾಡಿದ್ದೆ. ಎಷ್ಟು ಹೊತ್ತು ಹಾಡಿದಳೆಂದು ತೋರಿಸಲು ಅಂಕಿ ಮೂಡುವ ಗಡಿಯಾರವನ್ನೂ ಮೇಲೆ ಕೂಡಿಸಿದ್ದೆ.

ಆಕೆ ಎರಡು ಸಲ ಹಾಡಲು ಕೂತು ಎದ್ದುಬಿಟ್ಟಿದ್ದಳು.

“ಷಡ್ಜ ನಡಗತೈತ್ರಿ. ಇದರ ಕೂಡ ಹಾಡಿದ್ರ ನನ್ನ ದನಿನೂ ಕೆಡತೈತಿ.”

“ಕಂಪನ ಅಳಿಯೋ ಮೀಟರಿನ್ಯಾಗ ಬರೋಬರಿ ಐತಲ್ಲ.”

“ಹಂಗಾರ ಮೀಟರಿಗೇ ಹಾಡು ಅನ್ರಿ.”

ನನ್ನ ಕಿವಿಗೆ ನಡುಕ ಕೇಳುತ್ತಲೇ ಇರಲಿಲ್ಲ. ಬ್ಯಾಟರಿ, ಸ್ಪೀಕರ್ ಬದಲಿಸಿದ್ದಾಗಿತ್ತು. ಈ ಸಲವೂ ಆಗದಿದ್ದರೆ ತಂಬೂರಿಯನ್ನು ತಂಗಿಗೆ ಕೊಟ್ಟುಬಿಡುವೆ, ಇನ್ನು ಹಾಡಿನ ಮಾತೇ ಬೇಡ ಎಂದಿದ್ದಳು.

“ನಡುಕ ಬಂದಾಗೊಮ್ಮೆ ಬೆರಳು ಬಡಿ ನೋಡೂಣು,” ಎಂದೆ.

ಆಕೆ ಕಣ್ಣು ಮುಚ್ಚಿ, ತಾಳ ಹಾಕುವಂತೆ ತೊಡೆಯ ಮೇಲೆ ಬೆರಳು ಬಡಿಯತೊಡಗಿದಳು.

“ಲಯ ಮಾತ್ರ ಛಲೋ ಹಿಡದೈತ್ರಿ ನಿಮ್ಮ ಪೆಟಗಿ. ಒಂದು ಮಾತ್ರೆ ತಪ್ಪವಲ್ದು.”

ಬೆರಳು ಬಿದ್ದಾಗಲೆಲ್ಲ ಗಡಿಯಾರದಲ್ಲಿ ಸೆಕೆಂಡಿನ ಅಂಕಿ ಬದಲಾಗುತ್ತಿತ್ತು.

ಚಿಪ್ಪಿನಲ್ಲಿ ಎರಡು ಟೈಮರುಗಳಿದ್ದವು. ಹೊತ್ತಾದಾಗ ಅವು ನಡೆಯುತ್ತಿರುವ ಕೆಲಸ ತಡೆದು ಚಿಪ್ಪನ್ನು ಕರೆಯುತ್ತವೆ, ಇದೇ ಇಂಟರಪ್ಟ್. ಮೊದಲನೆಯ ಟೈಮರು ಸ್ವರದ ಪ್ರತಿ ಕಂಪನಕ್ಕೂ ಕರೆಯುತ್ತಿತ್ತು, ಎರಡನೆಯದು ಸೆಕೆಂಡಿಗೊಮ್ಮೆ. ಅಂಕಿ ಬರೆಯುವ ನಿಧಾನದ ಕೆಲಸವನ್ನು ನಾನು ಎರಡನೆಯ ಕರೆಯೊಳಗೇ ತುರುಕಿದ್ದೆ. ಅದು ಮುಗಿಯುವವರೆಗೆ ಸ್ವರ ಕಾಯಬೇಕಾಗಿತ್ತು. ಮೀಟರ್ ತೋರಿಸುವುದು ಸರಾಸರಿ. ಆಕೆಗೆ ಆ ಕಾಯುವುದೇ ಕೇಳುತ್ತಿತ್ತು.

ಹೇಳಿದಾಗ ನಕ್ಕಳು. “ಗಡಿಯಾರ ಯಾರು ಕೇಳಿದ್ರು ನಿಮಗ? ಗ್ವಾಡಿಗೊಂದು ಐತಲ್ಲ!”

ಸ್ವರದ ಕರೆಗೆ ಮೇಲಿನ ಆದ್ಯತೆ ಕೊಟ್ಟು, ಅಂಕಿ ಬರೆಯುವುದನ್ನು ಚಿಪ್ಪಿನ ಬಿಡುವಿನ ವೇಳೆಗೆ ತಳ್ಳಿದೆ. ಹಳೆ ಕಂಪ್ಯೂಟರಿನಿಂದ ಹೊಸ ಪ್ರೋಗ್ರಾಂ ತುಂಬಿ, ಸಂಜೆ ಐದಕ್ಕೆ ಪೆಟ್ಟಿಗೆ ಹಚ್ಚಿದೆ.

ಆಕೆ ಬೆರಳೆತ್ತಿ ಕಾದಳು. ಬೆರಳು ಬೀಳಲಿಲ್ಲ.

“ಈಗ ನಿಂತೈತಿ ನೋಡ್ರಿ,” ಎಂದವಳೇ ಷಡ್ಜ ಹಚ್ಚಿದಳು. ದನಿ ಒರಟಾಗಿತ್ತು, ಎರಡು ಸಲ ಕೆಮ್ಮು ಬಂತು. ಆದರೂ ಏಳಲಿಲ್ಲ. ದೀಪ ಹಚ್ಚಿದ್ದೂ ನಾನೇ.

ಅಡಿಗೆಯ ಹೊತ್ತು ಮೀರಿತ್ತು. ನನಗೆ ಮಾಡಲು ಬರುವುದು ಒಗ್ಗರಣೆ ಹಾಕಿ ಕಲಸುವ ‘ಹಚ್ಚಿದ ಅವಲಕ್ಕಿ’ಯೊಂದೇ; ಅದನ್ನೇ ಮಾಡಿದೆ, ಮೊಸರಿನೊಂದಿಗೆ ತಿಂದೆವು. ಉಪ್ಪು ತುಸು ಜಾಸ್ತಿ ಆಗಿದೆ ಎಂದಳು. ಹಾಡಿ ದಣಿದಿದ್ದ ಅವಳೇ ಮೊದಲು ಮಲಗಿದಳು.