ಟವೆಲ್ ಕೆಳಗಿನ ವ್ಯಾಪಾರ

ಬೊಮ್ಮಲಿಂಗಪ್ಪನ ಅಂಗಡಿಯನ್ನು ಯಾರಾದರೂ ಗುಜರಿ ಅಂದುಬಿಟ್ಟರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. "ಗುಜರಿಯೋರು ತೂಕ ನೋಡಿ ಕೊಳ್ತಾರೆ ಕಣಕ್ಕ. ನಾನು ಮುಖ ನೋಡಿ ಕೊಳ್ತೀನಿ" ಎನ್ನುತ್ತಿದ್ದ. ಮನುಷ್ಯರ ಮುಖವಲ್ಲ. ಅಂಬಾಸಿಡರಿನ ಮೀಟರು, ಮಾರುತಿಯ ಹೆಡ್‌ಲೈಟು, ಜೀಪಿನ ಸ್ಟೇರಿಂಗು, ಡ್ಯಾಶ್‌ಬೋರ್ಡಿನಿಂದ ಬಿಚ್ಚಿ ತಂದ ಟೇಪ್ ಸೆಟ್ಟು, ಇವುಗಳ ಮುಖ. ಮನುಷ್ಯರ ಮುಖ ನೋಡುವ ಧೈರ್ಯ ಅವನಿಗೆ ಇರಲೇ ಇಲ್ಲ. ಅದರಲ್ಲೂ ಹೆಂಗಸರದ್ದು.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಅವನ ಪಕ್ಕದ ಮಳಿಗೆಯೇ ನನ್ನ ಎಸ್‌ಟಿಡಿ ಬೂತು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ತಗಡು. ಹಾಗಾಗಿ ಅವನ ವ್ಯಾಪಾರವೆಲ್ಲ ನನಗೆ ಕೇಳಿಸುತ್ತಿತ್ತು. ಕೇಳಿಸದಿದ್ದರೆ ಎದ್ದು ಹೋಗಿ ನೋಡುತ್ತಿದ್ದೆ. ಪ್ರೇಮಲತಾ ಅಂದರೆ ಬೀದಿಯ ಆಕಾಶವಾಣಿ ಎಂದು ಆಡಿಕೊಳ್ಳುವವರಿದ್ದರು. ಆಡಿಕೊಳ್ಳಲಿ, ಅವರ ಮನೆಯ ಸುದ್ದಿಯೂ ನನ್ನ ಬಳಿ ಇತ್ತು.

ಅವನ ಲೋಕದಲ್ಲಿ ಸಾಮಾನು ಎರಡೇ ಬಗೆ. ಗಾಡಿ ಕಾರ್ಖಾನೆಯಿಂದ ಬರುವಾಗಲೇ ಅದರ ಮೈಯಲ್ಲಿದ್ದದ್ದು ಕಂಪನಿದು. ಆಮೇಲೆ ಹಾಕಿಸಿದ್ದು ಎಷ್ಟೇ ಥಳಥಳ ಹೊಳೆದರೂ ಬಜಾರಿನದು. ಬಜಾರಿನದನ್ನು ಕಂಪನಿದು ಅಂತ ಅವನು ಒಮ್ಮೆಯೂ ಮಾರಿದವನಲ್ಲ. ಬಳ್ಳಾರಿಯ ಲಾರಿ ಮೆಕ್ಯಾನಿಕ್ಕುಗಳೂ ಅವನ ಮಾತು ನಂಬಿ, ಡಬ್ಬ ಬಿಚ್ಚದೆ ಒಯ್ಯುತ್ತಿದ್ದರು.

ಅಪ್ಪ ಪರಶುರಾಂಪುರದ ದನದ ದಲ್ಲಾಳಿ. ದನದ ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಟವೆಲ್ ಕೆಳಗೆ ಕೈಯಿಟ್ಟು ಬೆರಳು ಹಿಡಿದು ಬೆಲೆ ಹೇಳಿಕೊಳ್ಳುತ್ತಾರಲ್ಲ, ಆ ವಿದ್ಯೆಯೊಂದೇ ಮಗನಿಗೆ ಬಂದ ಆಸ್ತಿ. ಎತ್ತಿನ ಬದಲು ಎದುರಿಗೆ ಡೈನಮೋ ಇದ್ದರೂ ಇವನದು ಅದೇ ಪದ್ಧತಿ. "ಬೆಲೆ ಬಾಯಿಗೆ ಬಂದ್ರೆ ಜಗಳ ಬರ್ತೈತೆ" ಎನ್ನುತ್ತಿದ್ದ. ಡ್ರೈವರುಗಳು ಮೊದಮೊದಲು ನಕ್ಕರು, ಆಮೇಲೆ ತಾವೇ ಕೈ ಚಾಚತೊಡಗಿದರು.

ಹೆಗಲ ಮೇಲೆ ಟವೆಲ್ ಇಲ್ಲದಿದ್ದರೆ ಮಾತ್ರ ಅವನು ಮೂಕಬಸವ. ಮೂರು ಕಡೆ ಹೆಣ್ಣು ನೋಡಲು ಹೋಗಿದ್ದ. ಮೂರು ಕಡೆಯೂ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಫ್ಯಾನು ನೋಡಿ ಎದ್ದು ಬಂದ. ಒಂದು ಮನೆಯವರು ಹುಡುಗನಿಗೆ ಕಿವಿ ಕೇಳಿಸುತ್ತದಾ ಎಂದು ಹೇಳಿಕಳಿಸಿದ್ದರು. ಹೀಗೆ ಮೂವತ್ತೈದು ದಾಟಿತು.

ಕೆಂಚಕ್ಕ ಅವನ ಅಂಗಡಿಗೆ ಬಂದದ್ದು ತೊಂಬತ್ತೇಳರಲ್ಲಿ, ಒಂದು ಸಂತೆಯ ದಿನ. ಮೊಳಕಾಲ್ಮೂರಿನ ಬಸ್ಸಿಳಿದು, ವೈರ್ ಬ್ಯಾಗು ಹಿಡಿದು ನೇರ ಬಂದಳು. ಅವಳ ಗಂಡ ಅಲ್ಲಿ ಅಂಬಾಸಿಡರ್ ಬಾಡಿಗೆಗೆ ಓಡಿಸುತ್ತಿದ್ದನಂತೆ, ರೇಷ್ಮೆ ಸೀರೆಯ ವ್ಯಾಪಾರಿಗಳಿಗೆ. ಕಾಮಾಲೆಯಾಗಿ ತೀರಿಕೊಂಡ. ಗಾಡಿ ಹಾಗೇ ಕೊಟ್ಟಿಗೆಯಲ್ಲಿ ನಿಂತಿತ್ತು. ಇಡೀ ಗಾಡಿ ಕೇಳಿದವರೆಲ್ಲ ತಗಡಿನ ಬೆಲೆ ಕೇಳಿದರು. ಹಾಗಾದರೆ ಬಿಡಿಬಿಡಿಯಾಗಿ ಮಾರುತ್ತೇನೆ ಎಂದು ಸೆರಗು ಕಟ್ಟಿ ಹೊರಟವಳು ಇವಳು.

"ಅಣ್ಣಾ, ಕಂಪ್ನಿದೇ ಐತೆ. ತಗಂತೀರಾ?" ಎಂದು ಎರಡು ಬಾಗಿಲ ಹಿಡಿಗಳನ್ನು ಮುಂದಿಟ್ಟಳು.

ಬೊಮ್ಮಲಿಂಗಪ್ಪ ಹಿಡಿಗಳ ಮುಖ ನೋಡಿದ. ಖುಷಿಯಾಯಿತು. ಅಭ್ಯಾಸಬಲದಿಂದ ಟವೆಲ್ ಕೈಮೇಲೆ ಎಳೆದುಕೊಂಡು ಚಾಚಿಬಿಟ್ಟ. ಚಾಚಿದ ಮೇಲೆ ಎದುರಿಗಿರುವುದು ಹೆಂಗಸು ಎಂದು ಹೊಳೆದು ಕಲ್ಲಾದ. ಎದುರಿನ ಟೀ ಅಂಗಡಿಯಲ್ಲಿ ಸೊರಸೊರ ಸದ್ದು ನಿಂತಿತು. ಅವನು ಕೈ ಎಳೆದುಕೊಳ್ಳುವಷ್ಟರಲ್ಲಿ ಕೆಂಚಕ್ಕ ತನ್ನ ಕೈಯನ್ನು ಟವೆಲ್ ಕೆಳಗೆ ಹಾಕಿಯೇಬಿಟ್ಟಳು.

"ನಮ್ಮಪ್ಪನೂ ದನದ ದಲ್ಲಾಳೀನೇ, ಮೊಳಕಾಲ್ಮೂರಿನಾಚೆ ರಾಂಪುರದ ಕಡೆ. ನಂಗೂ ಬೆರಳಿನ ಲೆಕ್ಕ ಬರ್ತೈತೆ" ಅಂದಳು.

ಟವೆಲ್ ಸ್ವಲ್ಪ ಆಡಿತು. ಅವಳು ಏನೋ ಹಿಡಿದಳು, ಇವನು ಏನೋ ಹಿಡಿದ. ತಟ್ಟನೆ ಅವಳು ಕೈ ಈಚೆ ತೆಗೆದು, "ಆಯ್ತು, ನನ್ನ ಬೆಲೆಗೆ ಒಪ್ಪಿದ್ರಿ. ಕೊಡ್ರಿ" ಅಂದಳು.

ಬೊಮ್ಮಲಿಂಗಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. "ನಾನಾ? ಒಪ್ಪಿದ್ನಾ?"

"ಅಂಗೈ ಪೂರ್ತಿ ಹಿಡಿದ್ರಲ್ಲ! ಕೈ ಹಿಡಿದ ಮೇಲೆ ಮುಗೀತು. ನಮ್ಮ ಕಡೆ ಹಂಗೇ."

ಪರಶುರಾಂಪುರದ ಲೆಕ್ಕದಲ್ಲಿ ಅಂಗೈ ಪೂರ್ತಿ ಹಿಡಿದರೆ ಐದು. ಅಷ್ಟೇ, ಬರೀ ಒಂದು ದರ. ಅವಳ ಕಡೆ ಅದೇ ವ್ಯಾಪಾರದ ಕೊನೆ. ಇವನು ತುಟಿ ಬಿಚ್ಚದೆ ಅವಳು ಕೇಳಿದಷ್ಟು ಕೊಟ್ಟು ಕಳಿಸಿದ. "ನಮ್ಮಲ್ಲಿ ಅದು ಐದು ಅಂತ ಹೇಳಬಾರದಿತ್ತೇನೋ?" ಎಂದು ನಾನು ಗದರಿದೆ. "ಹೇಳ್ಬೇಕಿತ್ತು" ಅಂದ, ತನ್ನ ಅಂಗೈ ನೋಡಿಕೊಳ್ಳುತ್ತಾ.

ಅಲ್ಲಿಂದ ಪ್ರತಿ ಸಂತೆಗೂ ಅಂಬಾಸಿಡರಿನ ಒಂದೊಂದು ಅಂಗ ಚಳ್ಳಕೆರೆಗೆ ಬರತೊಡಗಿತು. ದೊಡ್ಡ ಸಾಮಾನನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿ ತರುತ್ತಿದ್ದಳು. ಪ್ರತಿ ಸಲವೂ ಟವೆಲ್, ಪ್ರತಿ ಸಲವೂ ಇವನ ಕೈ ಐದು ಎಂದು ಹಿಡಿಯುವುದು, ಅವಳು ಮುಗೀತು ಎನ್ನುವುದು. ಅರವತ್ತು ಹಳ್ಳಿಯ ಡ್ರೈವರುಗಳ ಮುಂದೆ ಸೋಲದವನು ಇವಳೆದುರು ಸೋಲಲೆಂದೇ ಕಾದು ಕೂರುತ್ತಿದ್ದ. ಸಾಲದ್ದಕ್ಕೆ, ಜೋಡಿ ತಂದರೆ ಒಂದನ್ನಷ್ಟೇ ಕೊಳ್ಳುವ ಹೊಸ ನಾಟಕ ಶುರುವಾಯಿತು.

"ಇದೊಂದು ಇರ್ಲಿ. ಇನ್ನೊಂದು ಮುಂದಿನ ಸಂತೆಗೆ ತನ್ನಿ."

"ಕನ್ನಡಿ ಜೋಡಿ ಅಲ್ವೇನ್ರಿ? ಒಂಟಿ ಕನ್ನಡಿ ಯಾರು ತಗಂತಾರೆ?" ಎಂದು ಅವಳು ನಕ್ಕಳು. ಆಗ ನನ್ನ ಕಿವಿ ನೆಟ್ಟಗಾಯಿತು. ಬಾಗಿಲ ಹಿಡಿ ತಂದಾಗ ಇದ್ದ "ಅಣ್ಣಾ" ಕನ್ನಡಿಯ ಹೊತ್ತಿಗೆ "ರೀ" ಆಗಿತ್ತು. ಇದು ಅವನಿಗೆ ತಿಳಿಯಲಿಲ್ಲ. ತಿಳಿದಿದ್ದರೆ ಅವನು ಬೊಮ್ಮಲಿಂಗಪ್ಪ ಹೇಗಾದಾನು?

ಆದರೆ ಅಂಬಾಸಿಡರ್ ಎಷ್ಟೇ ದೊಡ್ಡ ಗಾಡಿಯಾದರೂ ಅದಕ್ಕೂ ಒಂದು ಕೊನೆಯಿದೆ. ಒಂದು ಮಧ್ಯಾಹ್ನ ಅವನು ಬೂತಿನ ಬಾಗಿಲಿಗೆ ಬಂದು ನಿಂತ. "ಅಕ್ಕಾ, ಗಾಡಿ ಮುಗೀತಾ ಬಂತು. ಇನ್ನು ಟೇಪ್ ಸೆಟ್ಟೊಂದೇ ಉಳಿದಿರೋದು. ಅದೂ ಬಂದ್ರೆ ಆಕೆ ಇಲ್ಲಿಗೆ ಯಾಕೆ ಬರ್ತಾಳೆ?"

"ಹಾಗಾದ್ರೆ ಬಾಯಿಬಿಟ್ಟು ಕೇಳು. ಗಂಡ ಸತ್ತೋಳು ಕೂಡಿಕೆ ಆಗೋದು ನಮ್ಮ ಕಡೆ ಹೊಸದೇನಲ್ಲ. ಜನ ಎರಡು ದಿನ ಆಡ್ಕೊಂಡು ಮೂರನೇ ದಿನ ಊಟಕ್ಕೆ ಬರ್ತಾರೆ."

"ಬಾಯಲ್ಲಿ ನನ್ಕೈಲಾಗಲ್ಲಕ್ಕ."

ಮೈಯೆಲ್ಲ ಉರಿಯಿತು ನನಗೆ. ಒಳ್ಳೆಯ ಗಂಡಸು, ಒಳ್ಳೆಯ ಹೆಂಗಸು, ನಡುವೆ ನಾಲ್ಕು ಮಾತಿನ ಬರಗಾಲ!

ಅದೇ ವಾರ ನನ್ನ ಬೂತಿಗೆ ಫೋನ್ ಬಂತು. ಕೆಂಚಕ್ಕನ ಅಣ್ಣ ದೊಡ್ಡೀರಪ್ಪ. ಮುಂದಿನ ಸಂತೆಗೆ ತಂಗಿಯ ಜೊತೆ ತಾನೂ ಬರುತ್ತೇನೆ, ಕೊನೆಯ ಸಾಮಾನು ಕೊಟ್ಟರೆ ಈ ಓಡಾಟ ಸಾಕು, ರಾಯದುರ್ಗದ ಕಡೆಯವರು ಅವಳನ್ನು ಕೇಳಿದ್ದಾರೆ, ಮಾತುಕತೆಗೆ ಬರುತ್ತಾರೆ ಎಂದ. ನಾನು ಹೋಗಿ ಅಷ್ಟನ್ನೂ ಹೇಳಿದೆ. ಬೊಮ್ಮಲಿಂಗಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ, ಮತ್ತೆ ತೆಗೆದುಕೊಂಡ. ಆ ದಿನ ಯಾವ ಸಾಮಾನಿನ ಮುಖವನ್ನೂ ನೋಡಲಿಲ್ಲ.

ಸಂತೆಯ ದಿನ ಬಂತು. ಗಿರಿಜಾಮೀಸೆಯ ದೊಡ್ಡೀರಪ್ಪ "ಏಮಪ್ಪಾ, ಬೇಗ ನೋಡಿ ಕಳಿಸು, ಬಸ್ಸಿಗೆ ಹೊತ್ತಾತು" ಎಂದು ಸ್ಟೂಲಿನ ಮೇಲೆ ಕೂತ. ನಾನು ಬೂತು ಬಿಟ್ಟು ಹೊಸ್ತಿಲಿಗೆ ಬಂದು ನಿಂತೆ. ಕೆಂಚಕ್ಕ ಹಳೇ ಸೀರೆಯ ತುಂಡು ಬಿಚ್ಚಿ ಸೆಟ್ಟು ಈಚೆ ತೆಗೆದಳು.

"ಇದು ಕಂಪ್ನಿದಲ್ಲ. ನಮ್ಮೋರು ಆಮೇಲೆ ಹಾಕಿಸಿದ್ದು. ಮೊದ್ಲೇ ಹೇಳ್ತೀನಿ."

ಅವನು ಬ್ಯಾಟರಿಗೆ ವೈರು ಕೊಟ್ಟ. ಹಸಿರು ದೀಪ ಹತ್ತಿತು. ಒಳಗೆ ಕ್ಯಾಸೆಟ್ಟು ಇದ್ದೇ ಇತ್ತು, ಹಾಡು ಅರ್ಧದಿಂದ ಶುರುವಾಯಿತು. ಕೆಂಚಕ್ಕನ ಕಣ್ಣು ತುಂಬಿತು. ಮರೆಮಾಚದೆ ಒರೆಸಿಕೊಂಡಳು.

"ಬಾಡಿಗೆ ಮುಗಿಸಿ ಬರುವಾಗ ಬೀದಿ ತುದಿಯಿಂದ್ಲೇ ಇದು ಕೇಳ್ತಿತ್ತು. ಕೇಳಿದ ಮೇಲೆ ಮುದ್ದೆಗೆ ಎಸರಿಡ್ತಿದ್ದೆ."

ಬೊಮ್ಮಲಿಂಗಪ್ಪ ಮೆಲ್ಲಗೆ ವೈರು ತೆಗೆದ. ಸೆಟ್ಟನ್ನು ಅದೇ ಬಟ್ಟೆಯಲ್ಲಿ ಸುತ್ತಿ ಅವಳ ಕಡೆ ಸರಿಸಿದ. "ಇದನ್ನ ನಾನು ಕೊಳ್ಳಲ್ಲ."

"ಯಾಕಪ್ಪಾ? ಕಂಪ್ನಿದಲ್ಲ ಅಂತ್ಲಾ?" ದೊಡ್ಡೀರಪ್ಪ ಮೇಲೆದ್ದ.

ಬೊಮ್ಮಲಿಂಗಪ್ಪ ಹೆಗಲಿನ ಟವೆಲ್ ತೆಗೆದು ಕೈಮೇಲೆ ಎಳೆದುಕೊಂಡು ಚಾಚಿದ.

"ಕೊಳ್ಳಲ್ಲ ಅಂತೀಯಾ, ಟವೆಲ್ಲೂ ಹಿಡೀತೀಯಾ! ತಲೆ ನೆಟ್ಟಗೈತಾ ನಿಂಗೆ?"

ಕೆಂಚಕ್ಕ ಅಣ್ಣನಿಗೆ ಸುಮ್ಮನಿರು ಎಂದು ಸನ್ನೆ ಮಾಡಿ ಕೈ ಒಳಗೆ ಹಾಕಿದಳು. ಟವೆಲ್ ಈ ಸಲ ಅಲುಗಾಡಲೇ ಇಲ್ಲ. ಅವಳು ಅವನ ಮುಖವನ್ನೇ ನೋಡುತ್ತಾ ಕೇಳಿದಳು:

"ಇದು ನಿಮ್ಮ ಪರಶುರಾಂಪುರದ ಲೆಕ್ಕಾನೋ, ನಮ್ಮ ಕಡೇದೋ?"

ಅಯ್ಯೋ ಗಟ್ಟಿಗಿತ್ತಿ! ಇವನ ಕಡೆ ಅಂಗೈ ಪೂರ್ತಿ ಹಿಡಿದರೆ ಬರೀ ಐದು ಅಂತ ಇವಳಿಗೆ ಮೊದಲೇ ಗೊತ್ತಿತ್ತು!

ಬೊಮ್ಮಲಿಂಗಪ್ಪ ಜನ್ಮದಲ್ಲಿ ಮೊದಲ ಬಾರಿಗೆ ತಲೆಯೆತ್ತಿ ಒಂದು ಹೆಂಗಸಿನ ಮುಖ ನೋಡಿದ. "ನಿಮ್ಮ ಕಡೇದೇ" ಅಂದ. ಬಾಯಲ್ಲೇ ಅಂದ.

ಅವಳು ಕೈ ಈಚೆ ತೆಗೆಯಲಿಲ್ಲ.

"ಎಷ್ಟಕ್ಕಾತೇ, ಕೆಂಚೀ?" ಎಂದು ದೊಡ್ಡೀರಪ್ಪ ಬಗ್ಗಿ ನೋಡಿದ.

"ಟವೆಲ್ ಕೆಳಗಿಂದು ಹೊರಗೆ ಹೇಳ್ತಾರೇನಣ್ಣಾ? ಅಪ್ಪ ಕಲಿಸ್ಲಿಲ್ವಾ? ರಾಯದುರ್ಗದೋರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡು. ಬೂತು ಪಕ್ಕದಲ್ಲೇ ಐತೆ."

ದೊಡ್ಡೀರಪ್ಪ ತಂಗಿಯನ್ನು ನೋಡಿದ, ಟವೆಲ್ ನೋಡಿದ, ನನ್ನನ್ನು ನೋಡಿದ. ನಂಬರ್ ಹೇಳಿ ಅಂದೆ ನಾನು.

ಕೂಡಿಕೆಗೆ ದೊಡ್ಡೀರಪ್ಪನೇ ಮುಂದೆ ನಿಂತು ತಂಗಿಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಡಿಸಿದ. ಅದಾಗಿ ಎಷ್ಟೋ ವರ್ಷವಾಯಿತು. ಕೈಕೈಗೆ ಮೊಬೈಲು ಬಂದು ನನ್ನ ಬೂತು ಮುಚ್ಚಿತು, ಕ್ಯಾಸೆಟ್ಟು ಹೋಗಿ ಸಿಡಿ ಬಂತು. ಆ ಸೆಟ್ಟು ಮಾತ್ರ ಅವರ ಅಡಿಗೆಮನೆಯ ಶೆಲ್ಫಿನಲ್ಲಿ, ಹಳೇ ಬ್ಯಾಟರಿಯ ಮೇಲೆ, ಈಗಲೂ ಹಾಡುತ್ತದೆ. ಅದು ನಿಂತಾಗಲೆಲ್ಲ ಹೆಡ್ಡು ಒರೆಸಿ ರಿಪೇರಿ ಮಾಡಿಕೊಡುವವನು ಬೊಮ್ಮಲಿಂಗಪ್ಪನೇ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಒಲೆಯ ಮುಂದೆ ಕೂತಿದ್ದ ಕೆಂಚಕ್ಕನನ್ನು ರೇಗಿಸೋಣ ಅನ್ನಿಸಿತು. "ಏನಮ್ಮಾ, ನಿನ್ನ ಯಜಮಾನ ಕಂಪನಿದಾ, ಬಜಾರಿಂದಾ?" ಎಂದೆ.

ಬೀದಿ ತುದಿಯಲ್ಲಿ ಅವನ ಬೈಕಿನ ಸದ್ದು ಕೇಳಿತು. ಅವಳು ಎದ್ದು ಮುದ್ದೆಗೆ ಎಸರಿಟ್ಟಳು.

"ಆಮೇಲೆ ಹಾಕಿಸ್ಕಂಡಿದ್ದು ಕಣಕ್ಕ. ಆದ್ರೂ ಭಾಳ ಚೆನ್ನಾಗೈತೆ."