ಹೊಗೆ ಎಣಿಸುವ ನೀರುಗಂಟಿ

ಬೆಳಗ್ಗೆ ಐದೂಮುಕ್ಕಾಲು. ಕರೆಂಟು ಬಂದಿದೆ, ಅದೇ ದೊಡ್ಡ ವಿಷಯ. ತಿಮ್ಮಣ್ಣ ಮೋಟರ್ ಹಾಕಿ, ನೀರಿನ ಟ್ಯಾಂಕಿನ ಏಣಿ ಹತ್ತಿ ಮೇಲೆ ಕೂತಿದ್ದಾರೆ. ತಲೆಗೆ ಮಂಕಿ ಕ್ಯಾಪು, ಅದರ ಮೇಲೊಂದು ಟವೆಲು, ಬಾಯಲ್ಲಿ ಎಲೆಅಡಿಕೆ. ಟ್ಯಾಂಕು ತುಂಬೋದನ್ನ ಕಾಯ್ತಿದ್ದಾರೆ ಅಂದ್ಕೊಂಡ್ರೆ ನಿಮ್ಮ ದಡ್ಡತನ. ಅವರ ಕಣ್ಣಿರೋದು ಕೆಳಗಿನ ಹಾಡಿ ಮೇಲೆ. ಮಂಜಿನೊಳಗಿಂದ ಒಂದೊಂದೇ ಸೂರಿನ ಮೇಲೆ ಹೊಗೆ ಏಳ್ತಾ ಇದೆ. ಇವರು ಬೆರಳು ಮಡಚಿ ಎಣಿಸ್ತಾ ಇದ್ದಾರೆ.

"ನಲವತ್ತಮೂರು. ಒಂದು ಕಮ್ಮಿ," ಅಂತಾರೆ. ಆಮೇಲೆ ಅವರೇ ನಗ್ತಾರೆ. "ಚಿಕ್ಕನ ಹೆಂಡ್ತಿ ನಿನ್ನೆ ತವರಿಗೆ ಹೋದ್ಲಲ್ಲ. ಅವನು ಒಲೆ ಹಚ್ಚೋ ಗಿರಾಕಿನಾ? ಯಾರ ಮನೆ ಬಾಗಿಲಲ್ಲೋ ಕಾಫಿಗೆ ನಿಂತಿರ್ತಾನೆ. ಲೆಕ್ಕ ಸರಿ ಇದೆ ಸಾರ್."

ಜೆ.ಕೆ. ತಿಮ್ಮ ಅಂತ ಹೆಸರು. ಜೇನುಕುರುಬರು. ವಯಸ್ಸು ಆಧಾರಲ್ಲಿ ಅರವತ್ತೊಂದು, ಅವರ ಪ್ರಕಾರ "ಅಷ್ಟೆಲ್ಲ ಆಗಿಲ್ಲ". ಕೊಡಗಿನ ಶ್ರೀಮಂಗಲ ದಾಟಿ, ಕಾಫಿ ಎಸ್ಟೇಟುಗಳು ಮುಗಿದು ಕಾಡು ಶುರುವಾಗೋ ಕಡೆ ಇವರ ಹಾಡಿ. ಹಾಡಿ ಅಂದ್ರೆ ಗಿರಿಜನರ ಊರು, ಗೊತ್ತಿಲ್ಲದವರಿಗೆ ಹೇಳ್ತಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಪಂಚಾಯ್ತಿ ನೀರುಗಂಟಿ, ಇನ್ನೂ ದಿನಗೂಲಿ. ಆನೆ ಪೈಪು ಮುರಿದ್ರೆ ಕಟ್ಟೋದು ಇವರೇ, ಮೋಟರಿಗೆ ಕಪ್ಪೆ ಹೋದ್ರೆ ತೆಗೆಯೋದೂ ಇವರೇ. ಜನ ಎಣಿಸೋದು ಮಾತ್ರ ಯಾರೂ ಹೇಳಿದ ಕೆಲಸ ಅಲ್ಲ.

ಅದು ಶುರುವಾಗಿದ್ದು ಎಂಟು ವರ್ಷದ ಹಿಂದೆ. ಸರ್ವೆಗೆ ಅಂತ ಒಬ್ಬ ಸಾಹೇಬರು ಬಂದರಂತೆ. ಬಂದಿದ್ದು ಹಗಲು ಹನ್ನೊಂದಕ್ಕೆ. ಕಾಫಿ ಕುಯ್ಲಿನ ಕಾಲ, ಏಳಕ್ಕೇ ಪಿಕಿಂಗ್ ಜೀಪು ಬಂದು ಎಲ್ಲರನ್ನೂ ತುಂಬಿಕೊಂಡು ಹೋಗಿದೆ. ಹಾಡಿಯಲ್ಲಿ ಇದ್ದಿದ್ದು ನಾಯಿ, ಕೋಳಿ, ಕಣ್ಣು ಕಾಣದ ಒಬ್ಬ ಅಜ್ಜಿ. ಸಾಹೇಬರು ಬೀಗ ನೋಡ್ಕೊಂಡು ನೋಡ್ಕೊಂಡು 'ಜನ ಊರು ಬಿಟ್ಟಿದ್ದಾರೆ' ಅಂತ ಬರೆದು, ಜೀಪು ಹತ್ತಿ ಹೋದರು. ಮೂರು ತಿಂಗಳಿಗೆ ಅಂಗನವಾಡಿಗೆ ಬರ್ತಿದ್ದ ಬೇಳೆ, ಮೊಟ್ಟೆ ಎಲ್ಲಾ ಬಂದ್. ಇಲ್ಲದ ಊರಿಗೆ ಯಾರು ಮೊಟ್ಟೆ ಕಳಿಸ್ತಾರೆ ಹೇಳಿ?

ತಿಮ್ಮಣ್ಣ ತಾಲ್ಲೂಕು ಕಚೇರಿಗೆ ಐದು ಸಲ ಹೋದರು. "ಬೀಗ ಎಣಿಸಬೇಡಿ ಸ್ವಾಮಿ, ಬೆಳಗ್ಗೆ ಬಂದು ಹೊಗೆ ಎಣಿಸಿ ಅಂದೆ. ಎಲ್ಲ ನಕ್ಕರು. ಒಬ್ಬರು, ಅಷ್ಟು ಗೊತ್ತಿದ್ರೆ ನೀನೇ ಬರ್ಕೊಂಡು ಬಾ ಹೋಗು ಅಂದರು. ತಮಾಷೆಗೆ ಅಂದಿದ್ದು. ನಾನು ಬರ್ಕೊಂಡೇ ಹೋದೆ." ಓದಿದ್ದು ಆಶ್ರಮ ಶಾಲೇಲಿ ನಾಲ್ಕನೇ ಕ್ಲಾಸು. ಆದರೂ ಒಂದು ಹೆಸರೂ ತಪ್ಪಿರಲಿಲ್ಲ. ಮೊಟ್ಟೆ ವಾಪಸ್ ಬಂತು.

ಅಲ್ಲಿಂದ ಇವರೇ ಹಾಡಿಗೆ ರಿಜಿಸ್ಟರು. ರೇಷನ್ನಿನವರು, ಆಶಾದವರು, ವೋಟರ್ ಲಿಸ್ಟಿನವರು, ಎಲ್ಲರೂ ಫೋನ್ ಮಾಡೋದು ಇವರಿಗೇ. ನಾನು ಕೂತಿದ್ದಾಗಲೇ ಎರಡು ಫೋನ್ ಬಂತು. ಸಂಬಳ ಒಬ್ಬರದು, ಕೆಲಸ ಐದು ಇಲಾಖೆದು. ನಂಬರ್ ಹಾಕಿದ ಮನೆ ನಲವತ್ತೆರಡು, ಒಲೆ ನಲವತ್ತನಾಲ್ಕು, ಜನ ನೂರಾ ಅರವತ್ತೆಂಟು.

ಮನೆಗಿಂತ ಒಲೆ ಹೇಗೆ ಜಾಸ್ತಿ? ಕೇಳಿ. ಸರ್ಕಾರ ಕಟ್ಟಿಕೊಟ್ಟ ಕಾಂಕ್ರೀಟ್ ಮನೇಲಿ ಯಾರಾದ್ರೂ ತೀರಿಕೊಂಡ್ರೆ, ಇಲ್ಲಿಯ ಹಳಬರು ಆ ಮನೇಲಿ ಮಲಗಲ್ಲ. ಬೀಗ ಹಾಕಿ, ಹಿಂದೆ ಒಂದು ಶೆಡ್ ಹಾಕ್ಕೊಂಡು ಇರ್ತಾರೆ. ಹಂಗೆ ಐದು ಮನೆಗೆ ಬೀಗ ಬಿದ್ದಿದೆ, ಐದು ಶೆಡ್ ಎದ್ದಿದೆ. ಹೊಸದಾಗಿ ಮದುವೆ ಆದವರದ್ದು ಇನ್ನೆರಡು. ಈಗಿನ ಹುಡುಗರು ಒಂದು ಪೂಜೆ ಮಾಡಿಸಿ ಒಳಗೆ ಹೋಗ್ತಾರೆ. ತಿಮ್ಮಣ್ಣನಿಗೆ ಅದು ಆಗಲ್ಲ.

ಯಾಕೆಂದ್ರೆ ಆ ಐದರಲ್ಲಿ ಒಂದು ಅವರದ್ದೇ. ಹದಿನೇಳನೇ ನಂಬರು. ಹೆಂಡತಿ ಕೆಂಚಮ್ಮ ಎರಡು ವರ್ಷದ ಹಿಂದೆ ಆಷಾಢದ ಹೊತ್ತಿನ ಕಕ್ಕಡದ ಮಳೇಲಿ ಜ್ವರ ಬಂದು ಅಲ್ಲಿ ತೀರಿಕೊಂಡರು. ರಸ್ತೆಗೆ ಮರ ಬಿದ್ದು ಜೀಪು ಬರಲಿಲ್ಲ. ಅವತ್ತೇ ಬೀಗ ಹಾಕಿದ್ದು. ಒಳಗೆ ಅವರ ಸೀರೆ ಹಗ್ಗದ ಮೇಲೆ ಹಂಗೇ ಇದೆಯಂತೆ. "ಒಣಗಲಿ ಅಂತ ಹಾಕಿದ್ಲು," ಅಂತಾರೆ ತಿಮ್ಮಣ್ಣ.

ಈಗ ಸಂಕಟ ಬಂದಿರೋದು ಆ ಮನೆಗೇ. ಎರಡು ವರ್ಷ ಬೀಗ ಬಿದ್ದ ಮನೆಯನ್ನ ರದ್ದು ಮಾಡಿ ಬೇರೆಯವರಿಗೆ ಕೊಡ್ತೇವೆ ಅಂತ ಪಂಚಾಯ್ತಿ ನೋಟಿಸು ಹಚ್ಚಿತು. ಹೋದ ವಾರ ಅದರ ಸರ್ವೆ. ಮಗ ನವೀನ ಪಿಕಪ್ ಓಡಿಸ್ತಾನೆ, ಬಾಯಿ ಸ್ವಲ್ಪ ಜೋರು. "ಅಪ್ಪ, ಒಂದೇ ಒಂದು ದಿನ ಆ ಮನೇಲಿ ಒಲೆ ಹಚ್ಚು. ಸರ್ವೆಗೆ ಬರೋ ಟೀಚರು ನೋಡ್ಕೊಂಡು ಹೋಗ್ಲಿ. ಊರಿಗೆಲ್ಲ ಮನೆ ಉಳಿಸ್ತೀಯ, ನಿಂದು ಕಳ್ಕೋತೀಯ? ಮಳೆಗಾಲದಲ್ಲಿ ಈ ಶೆಡ್ಡಲ್ಲಿ ನನ್ನ ಹೆಂಡ್ತಿ ಪಾತ್ರೆ ಇಟ್ಕೊಂಡು ಕೂತಿರ್ಬೇಕಾ?" ಹುಡುಗನ ಮಾತಲ್ಲಿ ಸುಳ್ಳಿಲ್ಲ. ನಾನಾಗಿದ್ರೆ ಹಚ್ಚಿಬಿಡ್ತಿದ್ದೆ.

ಸರ್ವೆಗೆ ಬಂದವರು ದಮಯಂತಿ ಟೀಚರು. ತಿಮ್ಮಣ್ಣ ಹಟ ಮಾಡಿದ್ದಕ್ಕೆ ಬೆಳಗ್ಗೆ ಆರೂವರೆಗೇ ಮೊಬೈಲ್ ಹಿಡ್ಕೊಂಡು ಬಂದರು. ತಿಮ್ಮಣ್ಣ ಉಳಿದ ನಾಲ್ಕು ಬೀಗದ ಮನೆಗಳನ್ನೂ ಒಂದೊಂದಾಗಿ ತೋರಿಸಿ, ಹಿಂದಿನ ಶೆಡ್ಡಿಗೆ ಕರ್ಕೊಂಡು ಹೋಗಿ, ಜನ ಇಲ್ಲೇ ಇದ್ದಾರೆ ಅಂತ ಬರೆಸಿದರು. ಆ ನಾಲ್ಕು ಮನೆಯವರು ಸಾಮಾನು ಇಡೋಕಾದ್ರೂ ಹಗಲು ಬೀಗ ತೆಗೀತಾರೆ, ಹದಿನೇಳರದ್ದು ಎರಡು ವರ್ಷದಿಂದ ತೆಗೆದೇ ಇಲ್ಲ. ಅದರ ಮುಂದೆ ಟೀಚರೇ ನಿಂತರು.

"ತಿಮ್ಮಣ್ಣ, ಒಳಗೆ ಹೋಗಿ ಒಂದು ಕಡ್ಡಿ ಗೀರಿ ಮಾರಾಯ್ರೇ. ವಾಸ ಇದ್ದಾರೆ ಅಂತ ಒತ್ತಿಬಿಡ್ತೇನೆ."

"ಬೇಡ ಟೀಚರೇ. ನಂದೊಂದು ಸುಳ್ಳು ಅಂತ ಗೊತ್ತಾದ್ರೆ ಆ ನಾಲ್ಕನ್ನ ಯಾರು ನಂಬ್ತಾರೆ? ಬೀಗ ಅಂತಲೇ ಹಾಕಿ."

"ನವೀನ ನನ್ನನ್ನ ಬೈತಾನೆ ನೋಡಿ."

"ನಿಮ್ಮನ್ನ ಬೈಯಲ್ಲ. ನನ್ನ ಬೈದು ಬೈದು ಸುಸ್ತಾಗಿದ್ದಾನೆ."

ಬೀಗ ಅಂತ ಬಿತ್ತು. ಆ ನಾಲ್ಕು ಮನೆ ಉಳಿಯುತ್ತೆ ಅಂತ ಪಂಚಾಯ್ತಿಲಿ ಬಾಯಿಮಾತಲ್ಲಿ ಹೇಳಿದ್ದಾರೆ. ಹದಿನೇಳರದ್ದು ಯಾರೂ ಹೇಳ್ತಿಲ್ಲ. ಹೊಸ ಮನೆಗೆ ಅರ್ಜಿ ಹಾಕಿದ್ದೀರಾ ಅಂದೆ. ಹಾಕಿದ್ದಾರಂತೆ. ಮನೆ ಹೋದ್ರೂ ಹೋಗ್ಲಿ, ಬೇರೆಯವರಿಗೆ ಕೊಡೋ ಮೊದಲು ಹಗ್ಗದ ಮೇಲಿನ ಆ ಸೀರೆ ತೆಗೆಯೋಕೆ ಒಂದು ದಿನ ಟೈಮ್ ಕೊಡಬೇಕು ಅಂತ ಅದರಲ್ಲೇ ಬರೆದಿದ್ದಾರೆ. ಸರ್ಕಾರಕ್ಕೆ ಅಂಥ ಅರ್ಜಿ ಯಾವತ್ತೂ ಬಂದಿರಲಿಕ್ಕಿಲ್ಲ.

ಮೋಟರ್ ಆಫ್ ಮಾಡಿ ಏಣಿ ಇಳೀತಾರೆ. ಇಳಿದವರು ಅಲ್ಲೇ ನಿಂತು ನನ್ನ ಹತ್ತಿರ ಹೇಳ್ತಾರೆ:

"ಅವತ್ತು ನಾನೊಂದು ತಪ್ಪು ಲೆಕ್ಕ ಹೇಳ್ದೆ ಸಾರ್. ಟೀಚರು, ನಿಮ್ಮ ಶೆಡ್ಡಲ್ಲಿ ಎಷ್ಟು ಜನ ಅಂದರು. ನಾಲ್ಕು ಅಂದ್ಬಿಟ್ಟೆ. ಅವರು ಒತ್ತಿದ್ರು. ಮಗ ನನ್ನ ಮುಖ ನೋಡ್ದ. ಆಮೇಲೆ ನಾನೇ, ತಪ್ಪಾಯ್ತು, ನಾನು ಮಗ ಸೊಸೆ, ಮೂರು ಅಂದೆ. ಮೊಬೈಲಲ್ಲಿ ತಿದ್ದಿದ್ರು. ಮೊದಲಿನ ಹಂಗೆ ಪೇಪರ್ ಆಗಿದ್ರೆ ನಾಲ್ಕಕ್ಕೊಂದು ಗೀಟು ಹೊಡೆದು ಪಕ್ಕದಲ್ಲಿ ಮೂರು ಬರೀತಿದ್ರು. ಗೀಟಿನ ಕೆಳಗೆ ನಾಲ್ಕು ಕಾಣ್ತಿತ್ತು."