ಎರಡು ಪೆಡಲಿನ ಗಾಡಿ

ಅಕ್ಕ, ಆ ದಿನ ನೀನು ಬ್ರೇಕನ್ನೇ ಒತ್ತಿದ್ದೆ. ಒತ್ತಿದೆನೆಂದು ನೀನು ತಿಳಿದುಕೊಂಡಿದ್ದೆ ಎನ್ನಬೇಕೇನೋ — ಇಲ್ಲ, ನೋಡು, ಇಷ್ಟು ವರ್ಷದ ಮೇಲೂ ನುಣುಚಿಕೊಳ್ಳುವ ಮಾತೇ ನನ್ನ ಬಾಯಿಗೆ ಮೊದಲು ಬರುತ್ತದೆ. ನೇರವಾಗಿ ಹೇಳುತ್ತೇನೆ. ಯಾವ ಪೆಡಲನ್ನು ಬ್ರೇಕ್ ಎಂದು ನಾನು ನಿನಗೆ ಕಲಿಸಿದ್ದೆನೋ ಅದನ್ನು, ಯಾವ ಕಾಲಿನಿಂದ ಒತ್ತಬೇಕೆಂದು ಕಲಿಸಿದ್ದೆನೋ ಆ ಕಾಲಿನಿಂದಲೇ ನೀನು ಒತ್ತಿದೆ. ಕಾರಿನಲ್ಲಿ ಆ ಜಾಗದಲ್ಲಿ ಕ್ಲಚ್ ಇತ್ತು. ಹಿಂದಿನ ಸೀಟಿನಲ್ಲಿದ್ದ ನಾನು ಅದನ್ನು ಕಣ್ಣಾರೆ ಕಂಡೆ. ಕಂಡೂ, ನೀನು ಗಾಬರಿಬಿದ್ದು ಎಕ್ಸಲೇಟರ್ ತುಳಿದೆಯೆಂದು ನಿನ್ನ ಗಂಡನಿಗೆ ಸುಳ್ಳು ಹೇಳಿದೆ.

ಇದನ್ನು ಹೇಳಲು ಎಲ್ಲಿಂದ ಶುರುಮಾಡಬೇಕು? ಆ ಸುಡುಗಾಡು ಮೆಷಿನ್ನಿನಿಂದಲೇ ಶುರುಮಾಡುತ್ತೇನೆ. ಅದನ್ನು ಬಯ್ಯುವಾಗಲೂ ನನ್ನ ದನಿಯಲ್ಲಿ ಸಣ್ಣ ಹೆಮ್ಮೆ ಇಣುಕಿದರೆ — ಇಣುಕುತ್ತದೆ, ನನಗೆ ಗೊತ್ತು — ಸಹಿಸಿಕೋ.

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೆಳಗೆ ನನ್ನ ರೇಡಿಯೋ-ಟೀವಿ ರಿಪೇರಿ ಅಂಗಡಿ, ಮೇಲೆ ಅವ್ವ ಮತ್ತು ನಾನು. ಎರಡು ಸಾವಿರದ ಇಸವಿಯ ಆಚೀಚೆ, ಹೈದರಾಬಾದಿನಿಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಒಂದನ್ನು ತಂದೆ. ಅದರ ಜೊತೆ ಕಾರ್ ರೇಸಿನ ಆಟದ ಸೀಡಿಯೂ ಬಂತು. ಕೀಬೋರ್ಡಿನ ಗುಂಡಿ ಒತ್ತಿ ಕಾರು ತಿರುಗಿಸುವುದೆಂದರೆ ಚಮಚದಲ್ಲಿ ಬಾವಿ ತೋಡಿದ ಹಾಗೆ, ನನಗೆ ತಡೆಯಲಿಲ್ಲ. ಹೆದ್ದಾರಿಯ ಊರು ನಮ್ಮದು, ಗುಜರಿಗೇನು ಬರ. ಒಡೆದ ಜೀಪಿನ ಸ್ಟೇರಿಂಗ್ ಸಿಕ್ಕಿತು, ಯಾವುದೋ ಕಾರಿನ ಸೀಟು ಸಿಕ್ಕಿತು. ಟ್ರ್ಯಾಕ್ಟರ್ ಟ್ರಾಲಿ ಮಾಡುವ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿಗಳನ್ನು ವೆಲ್ಡಿಂಗ್ ಮಾಡಿಸಿ ಎಲ್ಲವನ್ನೂ ಒಂದು ಚೌಕಟ್ಟಿಗೆ ಕೂರಿಸಿದೆ. ಹಳೆಯ ರೇಡಿಯೋದ ದನಿ ಏರಿಸುವ ಬಿರಡೆ ಇರುತ್ತದಲ್ಲ, ಅದನ್ನು ಸ್ಟೇರಿಂಗಿನ ದಂಡಕ್ಕೆ ಜೋಡಿಸಿದರೆ ಎಷ್ಟು ತಿರುಗಿತೆಂಬುದು ಕಂಪ್ಯೂಟರಿಗೆ ತಿಳಿಯುತ್ತದೆ. ತಿರುಗಿಸಿದ ಸ್ಟೇರಿಂಗ್ ತಾನಾಗಿ ನಡುವಿಗೆ ಬರಲಿ ಎಂದು ಸೈಕಲ್ ಟ್ಯೂಬು ಕಟ್ಟಿದೆ. ಬಾಗಿಲ ಕೀಲು, ಸ್ಪ್ರಿಂಗು ಸೇರಿಸಿ ಪೆಡಲು ಮಾಡಿದೆ. ಬಲಕ್ಕೆ ಎಕ್ಸಲೇಟರ್, ಎಡಕ್ಕೆ ಬ್ರೇಕ್. ಎರಡೇ. ಆಟದಲ್ಲಿ ಕ್ಲಚ್ ಬೇಕಿರಲಿಲ್ಲ, ಗೇರು ಗುಂಡಿಯಲ್ಲಿ ಬೀಳುತ್ತಿತ್ತು. ಎರಡು ಕಾಲಿಗೆ ಎರಡು ಪೆಡಲು — ಇಷ್ಟು ಸುಲಭದ ಲೆಕ್ಕ ಇನ್ನಾರಿಗೂ ಹೊಳೆದಿಲ್ಲವೆಂಬಂತೆ ಬೀಗಿದೆ. ಓಣಿಯ ಮಂದಿ ಬಂದು ನೋಡಿ ಹೋದರು. ರೇವಣ ಮನೆಯೊಳಗೆ ಮೋಟಾರು ಹೂಡ್ಯಾನ ಎಂದು ಸುದ್ದಿಯಾಯಿತು.

ಆ ಹೊತ್ತಿಗೇ ಬಸವಕಲ್ಯಾಣದಲ್ಲಿ ಶರಣಪ್ಪ ಮಾಮಾ, ನಿನ್ನ ಯಜಮಾನರು, ಹಳೆಯ ಕಾರೊಂದನ್ನು ಕೊಂಡರು. ಬಟ್ಟೆ ಅಂಗಡಿ ಬಿಟ್ಟು ಅವರು ಏಳುವಂತಿರಲಿಲ್ಲ. ಅತ್ತೆಯವರನ್ನು ದವಾಖಾನೆಗೆ, ಮಗಳು ಸವಿತಾಳನ್ನು ಶಾಲೆಗೆ ಕರೆದೊಯ್ಯಲು ನಾನೇ ಕಲಿತರೆ ಹೇಗೆ ಎಂದು ನೀನು ಕೇಳಿದೆ. ಮಾಮಾ ಬೇಡವೆನ್ನಲಿಲ್ಲ. ಆದರೆ ಶೆಟ್ಟರ ಮನೆಯ ಸೊಸೆ ನಡುರಸ್ತೆಯಲ್ಲಿ ಗಾಡಿ ಬಂದ್ ಬೀಳಿಸಿಕೊಂಡು ನಾಲ್ಕು ಮಂದಿಯ ಬಾಯಿಗೆ ಬೀಳಬಾರದು ಎಂದರು. ನಿನಗೂ ಹಾಗೇ ಅನಿಸಿತ್ತು. ನಮ್ಮಲ್ಲಿ ಹೆಣ್ಣುಮಕ್ಕಳು ತಪ್ಪು ಮಾಡಿ ಕಲಿಯುವುದಾದರೆ ಅದು ಮನೆಯೊಳಗೇ ಆಗಬೇಕು. ಅಂಗಳಕ್ಕೆ ಬರುವಾಗ ಪೂರಾ ಕಲಿತೇ ಬರಬೇಕು. ಅದಕ್ಕೆ ನನ್ನ ಮೆಷಿನ್ನಿಗಿಂತ ಒಳ್ಳೆಯ ಜಾಗ ಯಾವುದಿತ್ತು? ತವರಿಗೆ ಬಂದ ಮಗಳು ಮಾಳಿಗೆಯ ಮೇಲೆ ಏನು ಮಾಡುತ್ತಾಳೆಂದು ಯಾರು ಕೇಳುತ್ತಾರೆ?

ನೀನು ಸೀರೆಯ ನೆರಿಗೆ ಒತ್ತಿ ಸಿಕ್ಕಿಸಿಕೊಂಡು ಆ ಸೀಟಿನಲ್ಲಿ ಕೂತಾಗ ಮೊದಲು ಬಲಗಾಲೊಂದರಿಂದಲೇ ಎರಡೂ ಪೆಡಲು ಮುಟ್ಟುತ್ತಿದ್ದೆ. ಇದನ್ನು ನಾನು ಮರೆಯಬೇಕೆಂದರೂ ಮರೆಯಲಾರೆ. ನೀನು ಸರಿಯಾಗಿಯೇ ಮಾಡುತ್ತಿದ್ದೆ, ಅಕ್ಕ. ತಿದ್ದಿ ಕೆಡಿಸಿದವನು ನಾನು.

"ಎರಡೂ ಕಾಲು ಇಡು ಅಕ್ಕ. ಎಡಗಾಲು ಬ್ರೇಕಿನ ಮ್ಯಾಲೇ ಇರ್ಲಿ."

"ನಿಮ್ಮ ಮಾಮಾ ಒಂದೇ ಕಾಲೀಲೆ ಎರಡೂ ತುಳೀತಾರಲ್ಲೋ?"

"ಮಾಮಾಗೇನ್ ಗೊತ್ತದ? ಎಡಗಾಲಿಟ್ರ ಜಲ್ದಿ ನಿಂದರ್ತದ."

ಹೀಗೆ ಪಾಠ ಹೇಳಿದವನು ಒಮ್ಮೆಯೂ ನಿಜವಾದ ಕಾರು ಓಡಿಸಿದವನಲ್ಲ. ನನಗೆ ಬರುತ್ತಿದ್ದುದು ಸ್ಕೂಟರ್ ಒಂದೇ. ಅದು ನಿನಗೂ ಗೊತ್ತಿತ್ತು; ಆದರೂ ತಮ್ಮ ಹೇಳುತ್ತಾನೆಂದು ನಂಬಿದೆ. ನೀನು ಆಡುತ್ತಿರುವಾಗ ನಾನು ಹಿಂದೆ ನಿಂತು ಥಟ್ಟನೆ "ನಾಯಿ ಬಂತು!" ಎಂದು ಕೂಗುತ್ತಿದ್ದೆ. ನಿನ್ನ ಎಡಗಾಲು ಧಡ್ ಎಂದು ಬೀಳುತ್ತಿತ್ತು. ಮತ್ತೆ ಕೂಗುತ್ತಿದ್ದೆ, ಮತ್ತೆ ಬೀಳುತ್ತಿತ್ತು. ವಿಚಾರ ಮಾಡುವ ಮೊದಲೇ ಕಾಲು ಹೋಗಬೇಕು ಎನ್ನುತ್ತಿದ್ದೆ. ಅಂಗಡಿಯಲ್ಲಿ ಕೂತ ಅವ್ವ ಕೆಳಗಿನಿಂದ "ಏನ್ ಮಾಡಾಕತ್ತೀರೋ, ಮಾಳಿಗಿ ಬೀಳ್ತದ" ಎಂದು ಬಯ್ಯುತ್ತಿದ್ದಳು. ನೀನು ನಗುತ್ತಿದ್ದೆ. ಮದುವೆಯಾದ ಮೇಲೆ ನೀನು ಹಾಗೆ ನಕ್ಕದ್ದನ್ನು ನಾನು ಹೆಚ್ಚು ಕಂಡಿರಲಿಲ್ಲ.

ಆಮೇಲೆ ಕಲ್ಯಾಣದಲ್ಲಿ, ಕೋಟೆಯ ಆಚೆಯ ಬಯಲಿನಲ್ಲಿ, ಮಾಮಾ ಮುಂಜಾನೆ ಹೊತ್ತು ನಿಜವಾದ ಕಾರು ಕಲಿಸಿದರು. ಕ್ಲಚ್ ಒತ್ತುವುದು, ಗೇರು ಹಾಕುವುದು — ಎಲ್ಲ ಬಂತು ನಿನಗೆ. ನಿಧಾನದಲ್ಲಿ ಬಂತು. ನಿಧಾನದಲ್ಲಿ ಯಾರ ಕಾಲಾದರೂ ಹೇಳಿದ ಮಾತು ಕೇಳುತ್ತದೆ. ಲೈಸೆನ್ಸೂ ಆಯಿತು. ಮಾಮಾ ಎಲ್ಲರೆದುರು "ಅರ್ಧಾ ಪಾಠ ರೇವಣಂದು" ಎಂದಾಗ ನಾನು ಉಬ್ಬಿ ಬೋಂಡಾ ಆಗಿದ್ದೆ.

ಆ ದಿನ ನಾನು ಕಲ್ಯಾಣದಲ್ಲೇ ಇದ್ದೆ. ಅವ್ವನನ್ನು ನೋಡಲು ನೀನು ಹುಮನಾಬಾದಿಗೆ ಹೊರಟೆ, ಅತ್ತೆಯವರೂ ಬರುತ್ತೇನೆಂದರು. ಮುಂದೆ ನಿನ್ನ ಪಕ್ಕ ಅತ್ತೆಯವರು, ಹಿಂದೆ ನಾನು. ಊರು ದಾಟಿ ಹೆದ್ದಾರಿ ಸೇರುವ ಮುಂಚಿನ ರಸ್ತೆ, ಎರಡೂ ಕಡೆ ತೊಗರಿ ಕೊಯ್ದ ಹೊಲ. ಅತ್ತೆಯವರು "ಸೊಸಿ ಛಲೋ ಹೊಡೀತಾಳ, ಹೊಟ್ಟ್ಯಾಗಿನ ನೀರು ಅಲಗವಲ್ದು" ಎಂದಿದ್ದರು. ಆಗಲೇ ಹೊಲದ ದಾರಿಯಿಂದ ತೊಗರಿಕಟ್ಟಿಗೆ ಹೇರಿದ ಎತ್ತಿನ ಬಂಡಿ ರಸ್ತೆಗೆ ಬಂತು.

ನಿನ್ನ ಎಡಗಾಲು ಧಡ್ ಎಂದು ಬಿತ್ತು.

ಎರಡು ಸೀಟಿನ ನಡುವಿನಿಂದ ನಾನು ನೋಡುತ್ತಿದ್ದೆ. ಕ್ಲಚ್ ತಳಕ್ಕೆ ಹೋಗಿತ್ತು. ಬಲಗಾಲು ಎಕ್ಸಲೇಟರಿನ ಮೇಲೇ ಉಳಿದಿತ್ತು — ಮೆಷಿನ್ನಿನಲ್ಲಿ ಅದನ್ನು ಅಲ್ಲಿಂದ ತೆಗೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲವಲ್ಲ. ಎಂಜಿನ್ ಹುಚ್ಚು ಹಿಡಿದಂತೆ ಅರಚಿತು. ಆದರೆ ಕಾರು ಜೋರಾಗಲಿಲ್ಲ, ಕಡಿಮೆಯೂ ಆಗಲಿಲ್ಲ, ಸುಮ್ಮನೆ ಉರುಳುತ್ತ ಹೋಯಿತು. ನೀನು ಸ್ಟೇರಿಂಗ್ ತಿರುಗಿಸಿ ಎತ್ತುಗಳನ್ನೂ ಬಂಡಿಯವನನ್ನೂ ಉಳಿಸಿದೆ. ಕಾರು ಸಣ್ಣ ಸೇತುವೆಯ ಕಲ್ಲಿಗೆ ಹೊಡೆಯಿತು. ನಿನಗೂ ನನಗೂ ತರಚುಗಾಯ. ಅತ್ತೆಯವರ ಸೊಂಟದ ಎಲುಬು ಮುರಿಯಿತು.

ಸೊಲ್ಲಾಪುರಕ್ಕೆ ಒಯ್ಯುವ ಮೊದಲು ಕಲ್ಯಾಣದ ದವಾಖಾನೆಯ ಪಡಸಾಲೆಯಲ್ಲಿ ಮನೆಯವರೆಲ್ಲ ಕೂಡಿದ್ದರು. ನೀನು ಒಂದೇ ಮಾತು ಹೇಳುತ್ತಿದ್ದೆ: "ನಾ ಬ್ರೇಕ್ ಒತ್ತಿದ್ನಿ ರೀ. ಖರೇನ ಒತ್ತಿದ್ನಿ. ಗಾಡಿ ನಿಂದರಲಿಲ್ಲ." ಮಿಸ್ತ್ರಿ ಅಷ್ಟರಲ್ಲಿ ಕಾರು ನೋಡಿ, ಬ್ರೇಕು ಬರೋಬ್ಬರಿ ಇವೆ ಎಂದು ಹೇಳಿ ಕಳಿಸಿದ್ದ. ನಿನ್ನ ನಾದಿನಿ ಸೆರಗು ಸರಿಮಾಡಿಕೊಳ್ಳುತ್ತ "ಕುಣಿಲಾರದಾಕಿ ಅಂಗಳ ಡೊಂಕ ಅಂದ್ಳಂತ" ಎಂದಳು. ಯಾರೂ ಅವಳನ್ನು ಗದರಲಿಲ್ಲ. ಮಾಮಾ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಅವರ ಮುಖದಲ್ಲಿ. ಅದೇ ನನ್ನನ್ನು ಕೊಲ್ಲುತ್ತದೆ. ಹೆಂಡತಿಯ ಮಾತು ನಿಜವಾಗಲಿ ಎಂದು ಬೇಡುವವರಂತೆ ಕೇಳಿದರು.

"ನೀ ಹಿಂದ ಕುಂತಿದ್ದಿ ರೇವಣ. ಏನ್ ಆತು, ನೀನರ ಹೇಳು."

ನನಗೆ ಎಲ್ಲ ಗೊತ್ತಿತ್ತು. ಒಂದು ಮಾತು ಸಾಕಿತ್ತು — ತಪ್ಪು ನನ್ನ ಪಾಠದ್ದು, ಅಕ್ಕನದಲ್ಲ. ಆದರೆ ಆ ಮಾತಿನ ಹಿಂದೆ ಅತ್ತೆಯವರ ಮುರಿದ ಸೊಂಟ ನನ್ನ ತಲೆಯ ಮೇಲೆ ಬರುತ್ತಿತ್ತು. ನನ್ನ ಮೆಷಿನ್ ಮತ್ತೆ ಗುಜರಿಗೆ ಹೋಗುತ್ತಿತ್ತು. ಊರು ನಗುತ್ತಿತ್ತು. ಇಷ್ಟನ್ನೂ ಎಣಿಸಲು ನನಗೆ ಒಂದು ಉಸಿರು ಹಿಡಿಯಿತು. ಅದಕ್ಕೇ ಬಾಯಿ ತಪ್ಪಿ ಬಂತೆಂದು ಹೇಳಿಕೊಳ್ಳಲಾರೆ.

"ಅಕ್ಕ ಗಾಬರಿ ಆದ್ಳು ಮಾಮಾ. ಬ್ರೇಕ್ ಅಂತ ತಿಳಿದು ಎಕ್ಸಲೇಟರ್ ತುಳಿದ್ಳು. ಎಂಜಿನ್ ಒದರಿದ್ದು ನಾ ಕೇಳ್ದೆ."

ನೋಡು, ಸುಳ್ಳಿಗೆ ಒಂದು ನಿಜವನ್ನು ಸಾಕ್ಷಿಗೆ ಕೂರಿಸಿದೆ. ಎಂಜಿನ್ ಒದರಿದ್ದು ನಿಜವೇ ಆಗಿತ್ತು, ಬಂಡಿಯವನೂ ಕೇಳಿದ್ದ. ಯಾರು ಅನುಮಾನಪಡುತ್ತಾರೆ?

ನೀನು ನನ್ನನ್ನು ನೋಡಿದೆ. ತಮ್ಮ ಸುಳ್ಳು ಹೇಳುತ್ತಾನೆಂಬುದು ನಿನ್ನ ಮನಸ್ಸಿಗೆ ಬರಲೇ ಇಲ್ಲ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ನಿನ್ನ ಕಾಲನ್ನು ನೀನೇ ನೋಡಿಕೊಂಡೆ, ಅದು ಬೇರೆ ಯಾರದ್ದೋ ಎನ್ನುವ ಹಾಗೆ. ಮತ್ತೆ "ಒತ್ತಿದ್ನಿ" ಎನ್ನಲಿಲ್ಲ. ಮಾಮಾನ ಅಣ್ಣ ಎದ್ದು ನಿಂತು, ಆ ಸುಡುಗಾಡು ಆಟದ ಡಬ್ಬಿಯಲ್ಲಿ ಕಲಿತದ್ದಕ್ಕೇ ಹೀಗಾಯಿತು, ಮೊದಲು ಅದನ್ನು ಒಡೆಯಿರಿ ಎಂದ. ಅವನಿಗೆ ಕ್ಲಚ್ಚಿನ ಸಂಗತಿ ಗೊತ್ತಿರಲಿಲ್ಲ, ಸಿಟ್ಟಿನಲ್ಲಿ ಎಸೆದ ಕಲ್ಲು ಗುರಿಗೆ ತಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಬೆವೆತೆ. ಆಗ ನನ್ನ ಪರ ನಿಂತವಳು ನೀನು.

"ಅವಂದು ತಪ್ಪಿಲ್ಲ ಭಾವಾ. ಅಂವ ಚಂದಂಗೇ ಕಲಿಸ್ಯಾನ. ನನ್ನ ಕೈಲೇ ಆಗಲಿಲ್ಲ."

ನಾನು ತಲೆ ತಗ್ಗಿಸಿ ನಿಂತೆ. ಪಾಪ, ಅಕ್ಕನ ದುಃಖಕ್ಕೆ ನೊಂದಿದ್ದಾನೆ ಎಂದು ಯಾರೋ ನನ್ನ ಬೆನ್ನು ತಟ್ಟಿದರು.

ಅತ್ತೆಯವರು ಬದುಕಿ ಬಂದರು, ಕೋಲು ಹಿಡಿದರು. ಅವರ ಕಾಲು ಒತ್ತುವುದು, ಸ್ನಾನ ಮಾಡಿಸುವುದು ಎಲ್ಲ ನೀನೇ. ಬಾಯಿಬಿಟ್ಟು ಬಯ್ದವರಲ್ಲ ಅವರು. ಏಳುವಾಗ "ಶಿವನೇ" ಎಂದು ನರಳಿದರೆ ಸಾಕಿತ್ತು, ನೀನು ಒಳಮನೆಯಲ್ಲಿದ್ದರೂ ಕುಗ್ಗಿಹೋಗುತ್ತಿದ್ದೆ. ಕಾರು ರಿಪೇರಿಯಾಗಿ ಬಂದಾಗ ಮಾಮಾ ಕೀಲಿಕೈ ನಿನ್ನ ಮುಂದೆ ಇಟ್ಟರಂತೆ, ಮತ್ತೊಮ್ಮೆ ಪ್ರಯತ್ನ ಮಾಡು ಎಂದರಂತೆ. ನೀನು ಮುಟ್ಟಲಿಲ್ಲ. ಅಲ್ಲಿಂದ ಮುಂದೆ ಯಾವ ಕೆಲಸಕ್ಕೂ ನನಗೆ ಬರುವುದಿಲ್ಲ ಎನ್ನುವುದು ನಿನಗೆ ರೂಢಿಯಾಯಿತು. ಮಿಕ್ಸರ್ ಕೆಟ್ಟರೂ ನನ್ನಿಂದಲೇ ಆಯಿತೇನೋ ಎನ್ನುತ್ತಿದ್ದೆ.

ಮತ್ತು ನಾನು — ಇದನ್ನು ಹೇಳಲು ಉಳಿದೆಲ್ಲಕ್ಕಿಂತ ನಾಚಿಕೆ — ನಾನು ಮೆಷಿನ್ ಸುಧಾರಿಸಿದೆ. ಅತ್ತೆಯವರು ಸೊಲ್ಲಾಪುರದಿಂದ ಮನೆಗೆ ಬರುವುದರೊಳಗೆ ಮೂರನೆಯ ಪೆಡಲು ಕೂರಿಸಿದೆ. ಆಟಕ್ಕೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು. ಯಾರಾದರೂ ಬಂದು ಕಾಲಿಡುವ ಜಾಗ ಎಣಿಸಿದರೆ? ಆಮೇಲೆ ಕೈ ನಿಲ್ಲಲಿಲ್ಲ. ಕಾರಿನ ವೈಪರಿನ ಮೋಟಾರು ಜೋಡಿಸಿ ಸ್ಟೇರಿಂಗ್ ನಡುಗುವಂತೆ ಮಾಡಿದೆ. ದೊಡ್ಡ ಪರದೆ ತಂದೆ, ನಿಜವಾದ ಗೇರಿನ ಕೋಲು ಹಾಕಿದೆ. ಹೆದ್ದಾರಿಯ ಲಾರಿಗಳ ಕ್ಲೀನರುಗಳು ಬಂದು ಕೂತು ಭೇಷ್ ಎಂದರು. ಅವರಿಗೆಲ್ಲ ಮೊದಲ ಮಾತೇ ಇದು: ಎಡಗಾಲು ಕ್ಲಚ್ಚಿಗೆ ಮಾತ್ರ, ಬ್ರೇಕಿಗೆ ಬಲಗಾಲು, ಮರೆತರೆ ಸಾಯುತ್ತೀರಿ. ಗೊತ್ತಿಲ್ಲದ ಮಂದಿಗೆಲ್ಲ ಹೇಳಿದೆ. ನಿನಗೊಬ್ಬಳಿಗೆ ಹೇಳಲಿಲ್ಲ.

ಹೇಳಬೇಕೆಂದು ಕಲ್ಯಾಣಕ್ಕೆ ಬಂದದ್ದೂ ಉಂಟು. ಬಂದಾಗೆಲ್ಲ ನೀನು ಹೋಳಿಗೆಯೋ ಮಾದಲಿಯೋ ಮಾಡಿ ಮುಂದಿಡುತ್ತಿದ್ದೆ. ಉಂಡು ಬರುತ್ತಿದ್ದೆ. ಕಾಲ ಕಳೆದಂತೆ ಎಲ್ಲರೂ ಮರೆತರು, ಇನ್ನೇಕೆ ಹುಣ್ಣು ಕೆರೆಯುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾರೂ ಮರೆತಿರಲಿಲ್ಲ. ಈ ವರ್ಷ ಪಂಚಮಿಗೆ ನೀನು ತವರಿಗೆ ಬಂದಾಗ ನನಗದು ತಿಳಿಯಿತು.

ಸವಿತಾ ಈಗ ಕಾಲೇಜಿಗೆ ಹೋಗುವ ಹುಡುಗಿ. ಅಪ್ಪ ಸ್ಕೂಟಿ ಕೊಡಿಸುತ್ತೇನೆ ಎಂದಿದ್ದಾರೆ ಎಂದು ಅವ್ವನ ಮುಂದೆ ಕುಣಿಯುತ್ತಿದ್ದಳು. ನೀನು ಎಳ್ಳುಂಡಿ ಕಟ್ಟುತ್ತಿದ್ದೆ. ಕೈ ನಿಲ್ಲಿಸದೆ, ದನಿ ಏರಿಸದೆ ಅಂದೆ:

"ಬ್ಯಾಡವ್ವಾ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ಹೊತ್ತಿಗೆ ಸರಿಯಾಗಿ ನಮ್ಮ ಕಾಲು ನಮ್ಮ ಮಾತು ಕೇಳಾಂಗಿಲ್ಲ."

ಸವಿತಾ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದಳು. ನಾನು ಬಾಗಿಲಲ್ಲೇ ಇದ್ದೆ. ಅಂದು ನಾನು ನಿನ್ನ ಮೇಲೆ ಹೊರಿಸಿದ ಸುಳ್ಳನ್ನು ನೀನು ರಕ್ತದಲ್ಲೇ ಇರುವ ರೋಗವೆಂದು ನಂಬಿ ಮಗಳಿಗೂ ದಾಟಿಸುತ್ತಿದ್ದೆ. ಆಗಲೂ ಹೇಳದೆ ಕೆಳಗಿಳಿದು ಅಂಗಡಿಯಲ್ಲಿ ಕೂತೆ, ಯಾರದೋ ಟೀವಿ ಬಿಚ್ಚಿಟ್ಟುಕೊಂಡು. ಅದರಲ್ಲಿ ಏನು ಕೆಟ್ಟಿದೆಯೆಂದು ನೋಡಲೇ ಇಲ್ಲ.

ಈಗ ಮನಸ್ಸಿನಲ್ಲೇ ನಿನಗೆ ಹೇಳುತ್ತಿರುವ ಇದನ್ನು ಬಾಯಿಬಿಟ್ಟು ಹೇಳಲು ನಾಳೆ ಬೆಳಗಿನ ಬಸ್ಸಿಗೆ ಕಲ್ಯಾಣಕ್ಕೆ ಬರುತ್ತೇನೆ. ಮಾಮಾ ಅಂಗಡಿಗೆ ಹೋಗುವ ಮೊದಲು, ಸವಿತಾ ಮನೆಯಲ್ಲಿರುವಾಗ, ಅತ್ತೆಯವರ ಕಾಲ ಬಳಿ ಕೂತು ಮೊದಲು ಅವರಿಗೇ ಹೇಳುತ್ತೇನೆ — ನಿಮ್ಮ ಸೊಂಟ ಮುರಿದವನು ನಾನು, ನಿಮ್ಮ ಸೊಸೆಯಲ್ಲ ಎಂದು. ನಾದಿನಿಯನ್ನೂ ಮಾಮಾನ ಅಣ್ಣನನ್ನೂ ಕರೆಸಲು ಕೇಳುತ್ತೇನೆ. ಹೊಸ್ತಿಲು ತುಳಿಯಬೇಡ ಎಂದರೆ ತುಳಿಯುವುದಿಲ್ಲ. ನಿನಗೆ ಒಬ್ಬಳಿಗೇ, ಅಡುಗೆಮನೆಯಲ್ಲಿ, ಗುಟ್ಟಾಗಿ ಹೇಳಿ ಮುಗಿಸುವುದು ನನಗೆ ಸುಲಭ. ಅದಕ್ಕೇ ಹಾಗೆ ಮಾಡುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ, ಅಕ್ಕ. ಕೇಳಿದರೆ ನನ್ನ ಮಾತು ಮುಗಿಯುವ ಮೊದಲೇ ನೀನು ಕ್ಷಮಿಸಿ, ಊಟಕ್ಕೆ ಎಬ್ಬಿಸುತ್ತೀ.